ಅವ್ವ ಕಲಿಸಿದ ಎಐ ಪಾಠ

ಸಾಫ್ಟ್‌ವೇರ್ ಇಂಜಿನಿಯರ್ ಊರಿಗೆ ಹೋದ್ರೆ ಎಲ್ಲರ ಫೋನ್ ರಿಪೇರಿ ಮಾಡಬೇಕು, ನಿಮಗೂ ಗೊತ್ತು. ಈ ಸಲ ದೀಪಾವಳಿಗೆ ಆಳಂದ ತಾಲ್ಲೂಕಿನ ನಮ್ಮ ಹಳ್ಳಿಗೆ ಹೋದಾಗ ಅವ್ವ ಮಾತ್ರ ಬೇರೆ ಪ್ರಶ್ನೆ ಕೇಳಿದಳು: "ಟಿವ್ಯಾಗ ದಿನಾ ಎಐ, ಎಐ ಅಂತಾರಲ್ಲೋ, ಏನದು?"

ಇಂಜಿನಿಯರಿಂಗ್ ಓದಿದ ನನಗೆ ಸರಳವಾಗಿ ಹೇಳೋಕೆ ಬರಲಿಲ್ಲ. ಮರುದಿನ ತೊಗರಿ ಹೊಲದಲ್ಲಿ ಉತ್ತರ ಸಿಕ್ಕಿತು.

ಹೂ ಬಿಟ್ಟ ಹೊಲದ ನಡುವೆ ನಾಲ್ಕಾರು ಗಿಡ ಬಾಡಿ ನಿಂತಿದ್ದವು. ಅವ್ವ ದೂರದಿಂದಲೇ "ನೆಟೆ ರೋಗ" ಅಂದಳು. ಹೇಗೆ ಗೊತ್ತಾಯ್ತು ಅಂದೆ. "ನೋಡಿ ನೋಡಿ ಗೊತ್ತಾಗ್ತದ."

ಎಐ ಕಲಿಯೋದೂ ಹೆಚ್ಚುಕಡಿಮೆ ಹೀಗೇ. ಮಾಮೂಲಿ ಪ್ರೋಗ್ರಾಂಗೆ ನಾವು ನಿಯಮ ಬರೆದುಕೊಡುತ್ತೇವೆ: ಹೀಗಾದರೆ ಹೀಗೆ ಮಾಡು. ಆದರೆ ಬಿಸಿಲಿಗೆ ಬಾಡಿದ ಗಿಡಕ್ಕೂ ರೋಗಕ್ಕೆ ಬಾಡಿದ ಗಿಡಕ್ಕೂ ಇರುವ ವ್ಯತ್ಯಾಸವನ್ನು ನಿಯಮವಾಗಿ ಬರೆಯೋದು ಕಷ್ಟ. ಅದಕ್ಕೆ ಮಷೀನ್ ಲರ್ನಿಂಗ್‌ನಲ್ಲಿ ಉದಾಹರಣೆ ಕೊಡುತ್ತೇವೆ. ರೋಗ ಇದ್ದದ್ದು, ಇಲ್ಲದ್ದು ಅಂತ ಗುರುತು ಹಾಕಿದ ಸಾವಿರಾರು ಫೋಟೋ. ಯಂತ್ರ ಊಹಿಸುತ್ತದೆ, ತಪ್ಪಿದಾಗ ತನ್ನೊಳಗಿನ ಲೆಕ್ಕವನ್ನು ತುಸು ಬದಲಿಸಿಕೊಳ್ಳುತ್ತದೆ. ಚಾಟ್‌ಜಿಪಿಟಿಯಂಥವೂ ಇದೇ ಜಾತಿ: ಅಪಾರ ಬರಹ ಓದಿ, ಮುಂದೆ ಯಾವ ಪದ ಬರಬಹುದು ಅಂತ ಊಹಿಸುತ್ತಾ ಉತ್ತರ ಕಟ್ಟುತ್ತವೆ.

ಹುಮ್ಮಸ್ಸಿನಲ್ಲಿ ಒಂದು ಎಐ ಆ್ಯಪ್ ತೆರೆದು ಅವ್ವನ ಕೈಗೆ ಕೊಟ್ಟೆ. "ತೊಗರಿ ಒಣಗ್ಲಾಕತ್ತದ, ಏನ್ ಮಾಡ್ಬೇಕು?" ಅಂದಳು. ಫೋನ್ ಏನೇನೋ ಬರೆದುಕೊಂಡಿತು. ನಾನು "ಒಣಗ್ತಾ ಇದೆ" ಅಂದೆ, ತಕ್ಷಣ ಅರ್ಥವಾಯಿತು. "ನಿನ್ ಮಾತೇ ಅದಕ್ಕ ತಿಳೀತದ ಬಿಡು" ಅಂತ ಅವ್ವ ನಕ್ಕಳು. ನನಗೆ ನಗು ಬರಲಿಲ್ಲ. ಅದು ಕೇಳಿ ಕಲಿತ ದನಿಗಳಲ್ಲಿ ಅವ್ವನಂಥವರದ್ದು ಕಡಿಮೆ ಇರಬೇಕು. ಬೆಂಗಳೂರು ಸೇರಿದ ಮೇಲೆ ನಾನೂ ನನ್ನ ಮಾತು ಬದಲಿಸಿಕೊಂಡಿದ್ದೆ.

ಆ್ಯಪ್ ಉತ್ತರ ಕೊಟ್ಟಿತು, ಎಲೆಗೆ ಔಷಧಿ ಸಿಂಪಡಿಸಿ ಅಂತ. ಚೂರೂ ಅನುಮಾನವಿಲ್ಲ. ಅವ್ವ ಗಿಡ ಕಿತ್ತು, ಕಾಂಡ ಸೀಳಿ ಒಳಗಿನ ಕಂದು ಗೆರೆ ತೋರಿಸಿದಳು. "ಇದು ಮಣ್ಣಾಗಿಂದ ಬಂದದ್ದು. ಮ್ಯಾಲ ಹೊಡದ್ರ ಏನಾಗ್ತದ?" ನಿಜ, ನೆಟೆ ರೋಗಕ್ಕೆ ಕಾರಣ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುವ ಫ್ಯುಸೇರಿಯಂ ಶಿಲೀಂಧ್ರ. ರೋಗ ತಾಳುವ ತಳಿ, ಟ್ರೈಕೋಡರ್ಮಾ ಬೀಜೋಪಚಾರ, ಬೆಳೆ ಬದಲಾವಣೆ, ಇವೆಲ್ಲ ಬಿತ್ತುವಾಗಲೇ ಯೋಚಿಸಬೇಕಾದ ದಾರಿಗಳು.

ಅಷ್ಟರಲ್ಲಿ ಜೇವರ್ಗಿಯಿಂದ ಮಾಮಾನ ಫೋನ್. ಹತ್ತಿ ಎಲೆ ಕೆಂಪಾಗಿದೆಯಂತೆ. "ಹತ್ತಿ ನಂಗ ತಿಳಿಯಂಗಿಲ್ಲಪ್ಪ, ಕೃಷಿ ಕೇಂದ್ರದವ್ರಿಗಿ ಕೇಳು" ಅಂದಳು ಅವ್ವ. ಅಫಜಲಪುರದ ಅಕ್ಕ ಕಬ್ಬಿನ ಬಗ್ಗೆ ಕೇಳಿದಾಗಲೂ ಇದೇ ಮಾತು.

ನೋಡಿದ್ದಷ್ಟೇ ಗೊತ್ತಿರೋದು ಅವ್ವನಿಗೂ ಎಐಗೂ ಒಂದೇ. ಆದರೆ ಗೊತ್ತಿಲ್ಲದಾಗ ಅವ್ವ ಗೊತ್ತಿಲ್ಲ ಅಂತಾಳೆ. ಎಐ ಎಷ್ಟೋ ಸಲ ಹಾಗನ್ನೋದಿಲ್ಲ.

ಹಾಗಂತ ಎಐ ಬಿಡಬೇಡಿ. ಇಮೇಲ್ ಬರೆಯಲು, ಹೊಸದು ಕಲಿಯಲು ಚೆನ್ನಾಗಿ ಬಳಸಿ. ಬೆಳೆ, ಆರೋಗ್ಯ, ಹಣದ ವಿಷಯ ಬಂದಾಗ ಮಾತ್ರ ಬಲ್ಲವರನ್ನೂ ಒಂದು ಮಾತು ಕೇಳಿ. ಬೆಂಗಳೂರಿನ ಐಐಎಸ್‌ಸಿ 2022ರಲ್ಲಿ ಗೂಗಲ್ ಜೊತೆ ಶುರು ಮಾಡಿದ 'ವಾಣಿ' ಯೋಜನೆ ಜಿಲ್ಲೆ ಜಿಲ್ಲೆಯ ಜನರ ಮಾತು ಸಂಗ್ರಹಿಸುತ್ತಿದೆ. ಅವ್ವನ ಮಾತೂ ಒಂದಿನ ಫೋನಿಗೆ ತಿಳಿದೀತು.

ಅಲ್ಲೀತನಕ ನಾನು ಅವ್ವನಿಗೆ ಕಳಿಸುವ ವಾಯ್ಸ್ ಮೆಸೇಜ್ ಎಲ್ಲ ನಮ್ಮೂರ ಮಾತಿನಲ್ಲೇ. ಮೊನ್ನೆ ಉತ್ತರ ಬಂತು: "ಈಗ ನಮ್ ಹುಡುಗ ಮಾತಾಡ್ಲಾಕತ್ತಾನ."