ಅಪ್ಪ ಕಾಣದ ಲೈಮ್ ಮರ

ಲೈಮ್ ಮರ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತೆ? ನನಗೆ ಮೊನ್ನೆ ಮೊನ್ನೆವರೆಗೂ ನಮ್ಮ ಹಿತ್ತಲಿನ ನಿಂಬೆ ಗಿಡವೇ ನೆನಪಾಗ್ತಿತ್ತು, ಮುಳ್ಳಿನ ಸಮೇತ. ಅದರ ಬುಡದಲ್ಲಿ ಒಬ್ಬ ಇಂಗ್ಲಿಷ್ ಕವಿ ಸುಟ್ಟ ಕಾಲು ಚಾಚಿಕೊಂಡು ಕೂತಿದ್ದಾನೆ. ಮುಳ್ಳು ಚುಚ್ಚಲ್ವಾ ಅಂತ ಏಳನೇ ಕ್ಲಾಸಿನ ನನಗೆ ಆತಂಕ. ಕೇಳೋ ಹಾಗಿರಲಿಲ್ಲ, ಯಾಕಂದ್ರೆ ಪಾಠ ನಡೀತಿದ್ದಿದ್ದು ನನಗಲ್ಲ, ಸಿಡ್ನಿಯಿಂದ ಬಂದಿದ್ದ ಅಕ್ಕನಿಗೆ.

ಅದು 2007ರ ಡಿಸೆಂಬರ್. ಅತ್ತೆಯ ಮಗಳು ರಜೆಗೆ ಅಂತ ಸಾಗರದ ಹತ್ತಿರದ ನಮ್ಮ ಮನೆಗೆ ಬಂದಿದ್ದಳು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಎಚ್ಎಸ್‌ಸಿ ಅಂದ್ರೆ ನಮ್ಮ ಸೆಕೆಂಡ್ ಪಿಯುಸಿ ಇದ್ದ ಹಾಗೆ. ಆಗ ಅಲ್ಲಿನ ಇಂಗ್ಲಿಷ್ ಪಠ್ಯದಲ್ಲಿ ‘ಪಯಣ’ ಅಂತ ಒಂದು ವಿಷಯ ಇತ್ತು. ಊರಿಂದೂರಿಗೆ ಹೋಗೋದು ಒಂದು ಬಗೆ, ಮನಸ್ಸಿನೊಳಗೇ ನಡೆಯೋದು ಇನ್ನೊಂದು, ಕಲ್ಪನೆಯಲ್ಲಿ ಮಾಡೋದು ಮೂರನೇದು. ಇವಳಿಗೆ ಬಂದಿದ್ದು ಮೂರನೇದು, ಓದಬೇಕಾಗಿದ್ದು ಕೋಲ್‌ರಿಜ್‌ನ ಕವಿತೆಗಳು.

ನಮ್ಮಪ್ಪ ಹೈಸ್ಕೂಲ್ ಇಂಗ್ಲಿಷ್ ಮೇಷ್ಟ್ರು. ಅಕ್ಕ ಪುಸ್ತಕ ಹಿಡ್ಕೊಂಡು ಜಗಲಿಗೆ ಬಂದು, “ಮಾವ, ಈ ಕವಿತೇಲಿ ಇವನು ಕೂತಲ್ಲಿಂದ ಏಳೋದೇ ಇಲ್ಲ. ಇದು ಪಯಣ ಹೇಗಾಗತ್ತೆ?” ಅಂದಳು.

ಅಪ್ಪ ಹೇಳಿದ ಕಥೆ ಇಷ್ಟು. 1797ರ ಜುಲೈ. ಇಂಗ್ಲೆಂಡಿನ ಸಾಮರ್ಸೆಟ್ ಜಿಲ್ಲೆಯಲ್ಲಿ ನೆದರ್ ಸ್ಟೋವಿ ಅಂತ ಹಳ್ಳಿ. ಅಲ್ಲಿ ಇಪ್ಪತ್ತನಾಲ್ಕು ವರ್ಷದ ಕೋಲ್‌ರಿಜ್ ಹೆಂಡತಿ, ಮಗು ಜೊತೆ ಸಂಸಾರ ಹೂಡಿದ್ದ. ವರ್ಡ್ಸ್‌ವರ್ತ್, ಅವನ ತಂಗಿ ಡೊರೊಥಿ, ಲಂಡನ್ನಿನಿಂದ ಚಾರ್ಲ್ಸ್ ಲ್ಯಾಂಬ್ ಎಲ್ಲ ಬಂದಿದ್ದಾರೆ. ಅಷ್ಟರಲ್ಲಿ ಹೆಂಡತಿಯ ಕೈ ತಪ್ಪಿ ಕುದಿಯೋ ಹಾಲು ಇವನ ಕಾಲ ಮೇಲೆ ಬಿತ್ತು. ಸ್ನೇಹಿತರು ಗುಡ್ಡ ಸುತ್ತೋಕೆ ಹೋದರು, ಇವನು ಪಕ್ಕದ ಟಾಮ್ ಪೂಲ್‌ನ ತೋಟದಲ್ಲಿ ಲೈಮ್ ಮರಗಳ ಚಪ್ಪರದಡಿ ಕೂತ. ಮೊದಲು ಸಿಡಿಮಿಡಿ. ಆಮೇಲೆ, ಈಗ ಅವರು ಆ ಕಣಿವೆಗೆ ಇಳಿದಿರಬೇಕು, ಈಗ ಗುಡ್ಡ ಹತ್ತಿ ಸಮುದ್ರ ನೋಡ್ತಿರಬೇಕು ಅಂತ ಅವರ ಹಿಂದೆಯೇ ಹೊರಟ. ಕೊನೆಗೆ ಸಂಜೆ ಗೂಡಿಗೆ ಹೋಗ್ತಿರೋ ಒಂದು ಕಾಗೆ ಜಾತಿಯ ಹಕ್ಕಿ ಕಾಣುತ್ತೆ. ಅದನ್ನೇ ಅಲ್ಲಿ ಲ್ಯಾಂಬ್ ಕೂಡ ನೋಡಿರ್ತಾನೆ ಅಂದುಕೊಳ್ತಾನೆ.

“ನಮ್ಮಲ್ಲಿ ಯಕ್ಷ ಇಲ್ವಾ?” ಅಂದ ಅಪ್ಪ. ರಾಮಗಿರಿಯಲ್ಲಿ ಶಾಪ ಅನುಭವಿಸ್ತಾ ಕೂತವನು ಮೋಡಕ್ಕೆ ಅಳಕೆಯ ದಾರಿ ಹೇಳ್ತಾನೆ. ಸುಮ್ಮನೆ ಉತ್ತರಕ್ಕೆ ಹೋಗು ಅನ್ನಲ್ಲ. ನರ್ಮದೆ, ವಿದಿಶೆ ಹೇಳಿ, ಸ್ವಲ್ಪ ಸುತ್ತಾದರೂ ಉಜ್ಜಯಿನಿ ನೋಡ್ಕೊಂಡೇ ಹೋಗು ಅಂತಾನೆ. ಪಠ್ಯದ ಜೊತೆ ತಾವೇ ಆರಿಸಿದ ಬರಹಗಳನ್ನೂ ಸೇರಿಸಿ ಉತ್ತರ ಬರೀಬೇಕು ಅಂತ ಅಕ್ಕ ಹೇಳಿದ್ದಕ್ಕೆ, ಅಪ್ಪ ಒಳಗಿಂದ ಬೇಂದ್ರೆಯವರ ‘ಕನ್ನಡ ಮೇಘದೂತ’ ತಂದು ಕೊಟ್ಟ. ಅವಳು ಅದನ್ನ ಬರೆದಳೋ ಇಲ್ಲವೋ ಕೇಳಿಲ್ಲ.

ನಾನು ಮಧ್ಯೆ ಬಾಯಿ ಹಾಕಿದೆ. “ಅಪ್ಪ, ನೀನು ಆ ಊರು ನೋಡಿದೀಯಾ?”

“ಇಲ್ಲ.”

“ಮತ್ತೆ ಎಲ್ಲಾ ನೋಡಿದವರ ಥರ ಹೇಳ್ತೀಯ!”

ಅಕ್ಕ ನಕ್ಕಳು. ಅಪ್ಪ ನಗಲಿಲ್ಲ. ಅಲ್ಲಿವರೆಗೆ ಅಪ್ಪ ಹೋಗಿದ್ದ ಅತಿ ದೂರದ ಊರು ಅಂದ್ರೆ ಬಿ.ಎಡ್ ಓದಿದ ಮೈಸೂರು.

ಎರಡು ವರ್ಷದಿಂದ ನಾನು ಬ್ರಿಸ್ಟಲ್‌ನಲ್ಲಿ ಕೆಲಸ ಮಾಡ್ತಿದೀನಿ. ಈ ಬೇಸಿಗೆಗೆ ಅಪ್ಪ ಅಮ್ಮನಿಗೆ ವೀಸಾ, ಟಿಕೆಟ್ ಎಲ್ಲ ಆಗಿತ್ತು. ನೋಡಬೇಕಾದ ಜಾಗಗಳ ಪಟ್ಟಿಯಲ್ಲಿ ಅಪ್ಪ ಲಂಡನ್‌ಗಿಂತ ಮೇಲೆ ನೆದರ್ ಸ್ಟೋವಿ ಬರೆದಿದ್ದ. ಜೂನ್‌ನಲ್ಲಿ ಮಳೆ ಹಿಡೀತು. ಅಂಗಳಕ್ಕೆ ಅಡಿಕೆ ಸೋಗೆ ಹಾಸೋದು ಈ ಸಲ ತಡವಾಗಿತ್ತು. ಅಪ್ಪ ಪಾಚಿಯಲ್ಲಿ ಜಾರಿ ಬಿದ್ದು ಪಾದದ ಗಂಟಿನ ಹತ್ತಿರ ಮೂಳೆ ಮುರ್ಕೊಂಡ. ಪ್ಲಾಸ್ಟರ್ ಹಾಕಿಸಿಕೊಂಡು ಬಂದವನು ಫೋನಲ್ಲಿ, “ಹಾಲು ಚೆಲ್ಲಲಿಲ್ಲ, ಅಷ್ಟೇ ವ್ಯತ್ಯಾಸ. ನೀನು ಹೋಗಿ ಬಾ” ಅಂದ.

ಹೋದೆ. ಬ್ರಿಸ್ಟಲ್‌ನಿಂದ ರೈಲಲ್ಲಿ ಬ್ರಿಜ್‌ವಾಟರ್, ಅಲ್ಲಿಂದ ಟ್ಯಾಕ್ಸಿ. ಕೋಲ್‌ರಿಜ್ ಮನೆ ಇರೋ ಬೀದಿಯ ಹೆಸರೇ ಲೈಮ್ ಸ್ಟ್ರೀಟ್. 1909ರಿಂದ ಮನೆ ನ್ಯಾಷನಲ್ ಟ್ರಸ್ಟ್ ಕೈಯಲ್ಲಿದೆ. ತಗ್ಗಿನ ಕೋಣೆಗಳು, ಒಲೆ, ಹಿಂದೆ ಬಾವಿ. ಸಮುದ್ರಯಾನದ ದೊಡ್ಡ ಕಥನ ಕವಿತೆ ‘ಏನ್‌ಶಿಯೆಂಟ್ ಮ್ಯಾರಿನರ್’ ಅವನು ಬರೆದಿದ್ದು ಈ ಮನೆಯಲ್ಲಿದ್ದಾಗ. ಆಗಿನ್ನೂ ಅವನು ಸಮುದ್ರ ದಾಟಿದವನೇ ಅಲ್ಲ, ಜರ್ಮನಿಗೆ ಹಡಗು ಹತ್ತಿದ್ದು ಕವಿತೆ ಅಚ್ಚಿಗೆ ಹೋದ ಮೇಲೆ. ನಾವಿಕರ ಪ್ರವಾಸ ಕಥನಗಳನ್ನ ಹಸಿದವನ ಹಾಗೆ ಓದಿದ್ದ, ಅದೇ ಬಂಡವಾಳ.

ಪೂಲ್‌ನ ತೋಟದ ಆ ಚಪ್ಪರ ಈಗಿಲ್ಲ. ಕಾಟೇಜಿನ ಹಿತ್ತಲಲ್ಲೇ ಅದರ ನೆನಪಿಗೆ ಲೈಮ್ ಗಿಡಗಳ ಹೊಸ ಚಪ್ಪರ ಮಾಡಿದಾರೆ. ನಾನು ಅಲ್ಲಿ ನಿಂತು ನಿಂಬೆ ಹುಡುಕ್ತಿದ್ದೆ! ಆಮೇಲೆ ಗೊತ್ತಾಯ್ತು, ಇಂಗ್ಲೆಂಡಿನವರ ಲೈಮ್ ಬೇರೆ, ಲಿಂಡನ್ ಅಂತಲೂ ಕರೆಯೋ ದೊಡ್ಡ ನೆರಳಿನ ಮರ. ಹುಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಫೋಟೊ ತೆಗೆದೆ. ಹೋಲ್‌ಫರ್ಡ್ ಹಳ್ಳಿಗೆ ಹೋಗಿ ಕಣಿವೆ, ಕ್ವಾಂಟಾಕ್ ಗುಡ್ಡ ಎಲ್ಲ ಮುಗಿಸಿದೆ. ಒಟ್ಟು ಇನ್ನೂರ ಹನ್ನೆರಡು ಫೋಟೊ, ಹದಿನಾಲ್ಕು ವಿಡಿಯೊ.

ಮರುದಿನ ಬೆಳಿಗ್ಗೆ ಫೋನ್ ಮಾಡಿ, “ಎಲ್ಲ ಕಳಿಸ್ತೀನಿ ನೋಡು” ಅಂದೆ.

“ಅದು ಆಮೇಲೆ. ಮೊದಲು ನೀನು ಹೇಳು. ಕಣಿವೆ ಒಳಗೆ ಬಿಸಿಲು ಬೀಳತ್ತಾ?”

ಬೀಳತ್ತಾ? ಗೊತ್ತಿಲ್ಲ.

“ನೀರಿನ ಸದ್ದು ಮೇಲಿಂದಲೇ ಕೇಳತ್ತಾ, ಇಳಿದ ಮೇಲಾ?”

ಕೇಳಿತ್ತು, ಎಲ್ಲಿಂದ ಅಂತ ಗಮನಿಸಿರಲಿಲ್ಲ. ವಿಡಿಯೊ ಅಲುಗಾಡದ ಹಾಗೆ ಹಿಡಿಯೋದರಲ್ಲೇ ನನ್ನ ಗಮನ. ನಾಲ್ಕನೇ ಪ್ರಶ್ನೆಗೆ ಅಪ್ಪನೇ, “ಇರಲಿ ಬಿಡು, ಸುಸ್ತಾಗಿರಬೇಕು” ಅಂದ. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಶನಿವಾರ ಮತ್ತೆ ಹೋದೆ. ಈ ಸಲ ಫೋನ್ ಬ್ಯಾಗಲ್ಲಿ. ನೆದರ್ ಸ್ಟೋವಿಯಿಂದ ಹೋಲ್‌ಫರ್ಡ್ ಐದು ಕಿಲೋಮೀಟರ್ ಆಸುಪಾಸು, ನಡೆದೇ ಹೋದೆ. ಕಣಿವೆಯ ನೀರಿನ ಸದ್ದು ಇಳಿಯೋ ಮೊದಲೇ ಕೇಳುತ್ತೆ. ಜೋಗದ ತಾಲೂಕಿನವನಿಗೆ ಅದನ್ನ ಜಲಪಾತ ಅನ್ನೋಕೆ ಬಾಯಿ ಬರಲ್ಲ, ನಮ್ಮ ತೋಟದ ಹಳ್ಳದಷ್ಟೇ ನೀರು. ಮಧ್ಯಾಹ್ನ ಒಂದು ಗಂಟೆಗೂ ಬಿಸಿಲು ಚೂರು ಚೂರಾಗಿ ಬೀಳುತ್ತೆ. ಕಲ್ಲಿನ ಸಂದಿಯ ಜರಿಗಿಡಗಳ ಎಲೆ ಗಾಳಿ ಇಲ್ಲದಿದ್ದರೂ ಅಲ್ಲಾಡ್ತವೆ, ನೀರಿನ ಹನಿ ತಾಗಿ. ಕೋಲ್‌ರಿಜ್ ಕೂತಲ್ಲಿಂದಲೇ ಬರೆದಿದ್ದು ಇಂಥವನ್ನೇ ಅಂತ ಆಗ ಹೊಳೀತು. ಅವನು ಈ ದಾರಿಯಲ್ಲಿ ಮೊದಲೇ ನಡೆದಿದ್ದ, ಕಣ್ಣು ಬಿಟ್ಕೊಂಡು. ಹಾಗಾಗಿ ಕಾಲು ಸುಟ್ಟ ದಿನ ಅವನ ಹತ್ತಿರ ಹೋಗೋಕೆ ದಾರಿ ಇತ್ತು. ನನ್ನ ಹತ್ತಿರ ಹದಿನಾಲ್ಕು ವಿಡಿಯೊ ಇತ್ತು.

ಗುಡ್ಡದ ಮೇಲೆ ಬ್ರಿಸ್ಟಲ್ ಚಾನೆಲ್, ಆಚೆ ವೇಲ್ಸ್. ಕೆಳಗೆ ಹಿಂಕ್ಲಿ ಪಾಯಿಂಟ್ ಅಣುಸ್ಥಾವರದ ಕ್ರೇನುಗಳು, ಅವು ಯಾವ ಕವಿತೆಯಲ್ಲೂ ಇಲ್ಲ. ಅಲ್ಲಿ ಕೂತು ಲ್ಯಾಂಬ್‌ನ ನೆನೆದೆ. ಅವನು ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕದ ಗುಮಾಸ್ತ, ವಯಸ್ಸು ಇಪ್ಪತ್ತೆರಡು. (ಅದೇ ಕಂಪನಿ ಎರಡು ವರ್ಷದ ನಂತರ ಶ್ರೀರಂಗಪಟ್ಟಣಕ್ಕೆ ನುಗ್ಗಿದ್ದು.) ಹಿಂದಿನ ವರ್ಷವಷ್ಟೇ ಅವನ ಅಕ್ಕ ಬುದ್ಧಿಭ್ರಮಣೆಯಲ್ಲಿ ತಾಯಿಯನ್ನೇ ಕೊಂದಿದ್ದಳು, ಅವಳ ಜವಾಬ್ದಾರಿ ಇವನ ಹೆಗಲಿಗೆ ಬಿದ್ದಿತ್ತು. ಆ ಹುಡುಗನಿಗೆ ಒಂದು ಸಂಜೆಯಾದರೂ ಹಗುರಾಗಲಿ ಅಂತ ಕೋಲ್‌ರಿಜ್ ಕೂತಲ್ಲೇ ಹಾರೈಸ್ತಾನೆ. ಲ್ಯಾಂಬ್ ಆಮೇಲೆ, ಕವಿತೇಲಿ ನನ್ನನ್ನ ಮೃದು ಹೃದಯದವನು ಅಂತೆಲ್ಲ ಕರೀಬೇಡ ಮಾರಾಯ ಅನ್ನೋ ಅರ್ಥದಲ್ಲಿ ಕಾಗದ ಬರೆದ. ನನಗೆ ಲ್ಯಾಂಬ್ ಇಷ್ಟವಾಗಿದ್ದು ಅದಕ್ಕೇ.

ವಾಪಸ್ ಬರ್ತಾ ಲೈಮ್ ಚಪ್ಪರದ ಕೆಳಗೆ ಅರ್ಧ ಗಂಟೆ ಕೂತೆ.

ಭಾನುವಾರ ಅಪ್ಪನಿಗೆ ನಲವತ್ತು ನಿಮಿಷ ಹೇಳಿದೆ. ಅಪ್ಪ ಒಂದೂ ಪ್ರಶ್ನೆ ಕೇಳಲಿಲ್ಲ, ಮಧ್ಯೆ ಮಧ್ಯೆ “ಹೂಂ” ಅಷ್ಟೇ. ಹಿಂದೆ ಮಳೆ ಸುರೀತಿರೋದು ಕೇಳ್ತಿತ್ತು. ಕೊನೆಗೆ ಲೈಮ್ ಮರಕ್ಕೆ ಬಂದೆ. ಎಲೆ ಅರಳಿ ಎಲೆ ಥರ, ಆದರೆ ಬಾಲ ಇಲ್ಲ, ಅಂಚು ಗರಗಸದ ಹಾಗೆ. ಕೆಳಗೆ ಕೂತರೆ ಎಲೆಯಿಂದ ಅಂಟಂಟು ಹನಿ ಉದುರಿ ಅಂಗಿಗೆ ಹತ್ತುತ್ತೆ.

“ಮುಳ್ಳು?” ಅಂದ ಅಪ್ಪ.

“ಮುಳ್ಳಿಲ್ಲ. ಅದು ನಿಂಬೆ ಅಲ್ಲ ಅಪ್ಪ, ಬೇರೇನೇ ಮರ.”

ಆ ಕಡೆ ಸ್ವಲ್ಪ ಹೊತ್ತು ಬರೀ ಮಳೆ.

“ಅಲ್ವೋ, ನಾನೂ ಇಷ್ಟು ವರ್ಷ ಅವನನ್ನ ನಮ್ಮ ನಿಂಬೆ ಬುಡದಲ್ಲೇ ಕೂರಿಸಿದ್ದೆ. ಆ ಹುಡುಗಿಗೂ ಹಾಗೇ ಹೇಳಿಬಿಟ್ಟೆ” ಅಂದ. ಆಮೇಲೆ ಕೇಳಿದ, “ಸಿಡ್ನಿಯಲ್ಲಿ ಈಗ ಎಷ್ಟು ಗಂಟೆ?”