ಜಾರುವುದಕ್ಕೂ ಒಂದು ಫಾರಂ

ಡಿಸೆಂಬರ್ ಬಂತೆಂದರೆ ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಎರಡೇ ವಿಷಯ. ಒಂದು, ಯಾರು ಊರಿಗೆ ಹೋಗ್ತಿದಾರೆ. ಇನ್ನೊಂದು, ಯಾರು ಟಾಹೋಗೆ ಹೋಗ್ತಿದಾರೆ. ಈ ಸಲ ಹೊಸದಾಗಿ ಬೇ ಏರಿಯಾಕ್ಕೆ ಬಂದ ಇಬ್ಬರು ಕನ್ನಡದ ಹುಡುಗರು "ಸಾರ್, ನಾವೂ ಸ್ಕೀ ಕಲೀಬೇಕು, ಏನೇನು ತಯಾರಿ ಬೇಕು ಹೇಳಿ" ಅಂತ ನನ್ನನ್ನು ಕೇಳಿದರು. ನನ್ನನ್ನು! ನನ್ನ ಬಲ ಮೊಣಕಾಲಿನ ಕಥೆ ಅವರಿಗೆ ಗೊತ್ತಿರಲಿಲ್ಲ ಪಾಪ. ಹೇಳುತ್ತಾ ಹೋದೆ, ಲಂಚ್ ಅವರ್ ಮುಗಿದರೂ ಕಥೆ ಮುಗಿಯಲಿಲ್ಲ. ಉಳಿದದ್ದನ್ನು ಇಲ್ಲಿ ಬರೀತಿದೀನಿ.

ಊರಿನಲ್ಲಿರುವ ಓದುಗರಿಗೆ ಒಂದು ಮಾತು. ನಾವಿರುವ ಸ್ಯಾನ್ ಹೋಸೆಯಲ್ಲಿ ಹಿಮ ಬೀಳುವುದಿಲ್ಲ. ಹಿಮ ಬೇಕೆಂದರೆ ಇನ್ನೂರು ಮೈಲಿಗೂ ಹೆಚ್ಚು ದೂರದ ಸಿಯೆರಾ ನೆವಾಡ ಬೆಟ್ಟ ಹತ್ತಬೇಕು. ಅಲ್ಲಿ ಟಾಹೋ ಅಂತ ಒಂದು ದೊಡ್ಡ ಸರೋವರ, ಸುತ್ತ ಹತ್ತಾರು ಸ್ಕೀ ರೆಸಾರ್ಟುಗಳು. 1960ರ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಅವುಗಳಲ್ಲೇ ಒಂದರಲ್ಲಿ. ರಸ್ತೆ ಸರಿಯಿದ್ದರೆ ನಾಲ್ಕು ಗಂಟೆ ದಾರಿ. ಹಿಮ ಸುರಿಯುತ್ತಿದ್ದರೆ ಎಂಟೂ ಆಗಬಹುದು, ಹೆದ್ದಾರಿ ಮುಚ್ಚಿ ವಾಪಸ್ ಕಳಿಸಲೂಬಹುದು.

ನಾವು ಮೊದಲ ಸಲ ಹೋದದ್ದು 2022ರ ಜನವರಿಯಲ್ಲಿ, ನಾಲ್ಕು ಮನೆಯವರು ಸೇರಿ. ಆ ವರ್ಷ ಡಿಸೆಂಬರಿನಲ್ಲಿ ರಾಶಿ ರಾಶಿ ಹಿಮ ಬಿದ್ದು, ಜನವರಿ ಪೂರ್ತಿ ಹೆಚ್ಚುಕಡಿಮೆ ಬರಿ ಬಿಸಿಲು. ಒಂದು ಕ್ಯಾಬಿನ್ ಬಾಡಿಗೆಗೆ ಹಿಡಿದೆವು. ಒಬ್ಬರು ಪುಳಿಯೋಗರೆ ಗೊಜ್ಜು, ಒಬ್ಬರು ಚಪಾತಿ, ನಮ್ಮನೆಯಿಂದ ಕುಕ್ಕರ್ ಮತ್ತು ಅಕ್ಕಿ. ಊಟದ ಪ್ಲಾನಿಂಗಿಗೆ ಎರಡು ವಾರ ಫೋನು, ಮೆಸೇಜು. ಸ್ಕೀ ಕಲಿಯುವ ಪ್ಲಾನಿಂಗು? "ಯೂಟ್ಯೂಬಲ್ಲಿ ನೋಡಿದೀನಿ, ನಾನೇ ಎಲ್ಲರಿಗೂ ಹೇಳಿಕೊಡ್ತೀನಿ" ಅಂದೆ. ಮಗಳನ್ನು ಮಾತ್ರ ಮಕ್ಕಳ ಕ್ಲಾಸಿಗೆ ಹಾಕಿದೆವು, ಅದೂ ನನ್ನ ಹೆಂಡತಿಯ ಹಟದಿಂದ. ದೊಡ್ಡವರ ಕ್ಲಾಸಿನ ದುಡ್ಡು ಉಳಿಸಿದೆ ಅಂತ ನನಗೆ ಒಳಗೊಳಗೇ ಖುಷಿ.

ಬೂಟಿನ ವಿಷಯ ಮೊದಲು ಹೇಳಿಬಿಡ್ತೀನಿ, ಯಾಕೆಂದರೆ ಅರ್ಧ ಜನಕ್ಕೆ ಸ್ಕೀ ಬೇಡವಾಗುವುದೇ ಬೂಟಿನಿಂದ. ಚಳಿ ಅಂತ ಎರಡೆರಡು ಸಾಕ್ಸ್ ಹಾಕಬೇಡಿ. ಒಂದೇ ಜೊತೆ, ತೆಳು, ಉದ್ದದ್ದು, ಹತ್ತಿಯದಲ್ಲ. ನೆಟ್ಟಗೆ ನಿಂತರೆ ಬೆರಳು ಮುಂದಕ್ಕೆ ತಾಗಬೇಕು, ಮಂಡಿ ಬಗ್ಗಿಸಿದರೆ ಸ್ವಲ್ಪ ಹಿಂದೆ ಸರೀಬೇಕು. ನಡೆಯಲು ಆರಾಮಾಗಿದೆ ಅನ್ನಿಸಿದರೆ ಅದು ದೊಡ್ಡ ಬೂಟು ಅಂತಲೇ ಲೆಕ್ಕ. ನಾನು ಆರಾಮಾದದ್ದನ್ನೇ ತಗೊಂಡಿದ್ದೆ. ಅದರೊಳಗೆ ಕಾಲು ಒಂದು ಕಡೆ ತಿರುಗಿದರೆ ಸ್ಕೀ ಇನ್ನೊಂದು ಕಡೆ ಹೋಗುತ್ತಿತ್ತು. ಹಾಗೇ ಜೀನ್ಸ್ ಹಾಕಿಕೊಂಡು ಹೋಗಬೇಡಿ. ಎರಡು ಸಲ ಬಿದ್ದರೆ ಒದ್ದೆ ಗೋಣಿಚೀಲ ಉಟ್ಟ ಹಾಗಿರುತ್ತೆ.

ಆ ಮೂರು ದಿನ ಹೇಗೋ ಕಳೆಯಿತು. ಮೂರನೇ ದಿನ ಹಸಿರು ಗುರುತಿನ ಇಳಿಜಾರುಗಳಲ್ಲಿ ಬೀಳದೆ ಕೆಳಗೆ ಬಂದೆ. ಇಲ್ಲಿ ಹಸಿರು ವೃತ್ತ ಅಂದರೆ ಸುಲಭ, ನೀಲಿ ಚೌಕ ಅಂದರೆ ಮಧ್ಯಮ, ಕಪ್ಪು ವಜ್ರದ ಗುರುತಿದ್ದರೆ ಅತ್ತ ಸುಳೀಬೇಡಿ. ಕೆಳಗೆ ಬಂದೆ ಅಂದೆನೇ ಹೊರತು ಬೇಕಾದಲ್ಲಿ ನಿಂತೆ ಅನ್ನಲಿಲ್ಲ, ಗಮನಿಸಿ :)

ನಮ್ಮ ಜೊತೆ ಬಂದಿದ್ದ ಸ್ನೇಹಿತನ ತಮ್ಮ ಸ್ನೋಬೋರ್ಡ್ ಹಿಡಿದ. ಅದರಲ್ಲಿ ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿರುತ್ತೆ. ಮೊದಲ ಎರಡು ದಿನ ಅವನು ಕುಳಿತಿದ್ದೇ ಹೆಚ್ಚು, ರಾತ್ರಿ ಊಟಕ್ಕೆ ಕೂರುವಾಗ ದಿಂಬು ಕೇಳುತ್ತಿದ್ದ. ಬೀಳುವಾಗ ಕೈ ಊರಿ ಮಣಿಕಟ್ಟು ಮುರಿದುಕೊಳ್ಳುವವರು ಜಾಸ್ತಿಯಂತೆ, ರಿಸ್ಟ್ ಗಾರ್ಡ್ ಹಾಕಿಕೊಳ್ಳಿ. ಆದರೆ ಮೂರನೇ ದಿನ ಇದ್ದಕ್ಕಿದ್ದ ಹಾಗೆ ಅವನಿಗೆ ಹತ್ತಿಬಿಟ್ಟಿತು. ಸ್ಕೀ ಮೊದಲು ಸುಲಭ, ಆಮೇಲೆ ಕಷ್ಟ. ಬೋರ್ಡು ಮೊದಲು ಕಷ್ಟ, ಆಮೇಲೆ ಸುಲಭ ಅಂತ ಇಲ್ಲಿಯವರು ಹೇಳುವುದು ನಮ್ಮ ಕ್ಯಾಬಿನ್ನಿನ ಮಟ್ಟಿಗಂತೂ ನಿಜವಾಯ್ತು.

ಈಗ ಫಾರಂ ವಿಷಯ. ಸ್ಕೀ ಬಾಡಿಗೆಗೆ ಕೊಡುವಾಗ ಒಂದು ಫಾರಂ ತುಂಬಿಸುತ್ತಾರೆ. ಎತ್ತರ, ತೂಕ, ವಯಸ್ಸು, ಮತ್ತೆ ನೀವು ಯಾವ 'ಟೈಪ್' ಸ್ಕೀಯರ್ ಅಂತ. ಟೈಪ್ 1 ಅಂದರೆ ಜಾಗರೂಕ, ನಿಧಾನ. ಟೈಪ್ 3 ಅಂದರೆ ವೇಗ, ಕಡಿದಾದ ಇಳಿಜಾರು. ನಡುವಿನದು 2. ಇದೇನೋ ಸರ್ವೆ ಅಂದುಕೊಳ್ಳಬೇಡಿ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಎಷ್ಟು ಬಲಕ್ಕೆ ಬಿಚ್ಚಿಕೊಳ್ಳಬೇಕು ಅನ್ನುವುದನ್ನು ಈ ಲೆಕ್ಕ ಮತ್ತು ಬೂಟಿನ ಅಟ್ಟೆಯ ಉದ್ದ ಇಟ್ಟುಕೊಂಡೇ ಸೆಟ್ ಮಾಡುತ್ತಾರೆ. ನಂಬರ್ ಕಡಿಮೆಯಿದ್ದರೆ ಬಿದ್ದಾಗ ಸ್ಕೀ ಬೇಗ ಕಳಚಿಕೊಳ್ಳುತ್ತೆ. ಜಾಸ್ತಿಯಿದ್ದರೆ ಸ್ಕೀ ಕಾಲಿಗೇ ಅಂಟಿಕೊಂಡಿರುತ್ತೆ, ಕಾಲು ತಿರುಚಿದರೂ.

ಎರಡನೇ ಸಲ ಹೋದದ್ದು 2023ರ ಫೆಬ್ರವರಿಯಲ್ಲಿ. ಆ ಚಳಿಗಾಲ ಸಿಯೆರಾದಲ್ಲಿ ಬಿದ್ದ ಹಿಮ ಇವತ್ತಿಗೂ ಜನರ ಬಾಯಲ್ಲಿದೆ. ಡಾನರ್ ಸಮಿಟ್ ಹತ್ತಿರ ಒಂದು ಸ್ನೋ ಲ್ಯಾಬ್ ಇದೆ, 1946ರಿಂದ ಹಿಮ ಅಳೆಯುತ್ತಾ ಬಂದಿದ್ದಾರೆ. ಆ ಸೀಸನ್ನಿನಲ್ಲಿ ಅವರು ಅಳೆದದ್ದು 754 ಇಂಚು, ಅಂದರೆ 19 ಮೀಟರಿಗೂ ಮೇಲೆ. ರಸ್ತೆಯ ಎರಡೂ ಬದಿಗೆ ಹಿಮದ ಗೋಡೆ. ಬಾಡಿಗೆ ಅಂಗಡಿಯಲ್ಲಿ ಫಾರಂ ಬಂತು. ನನ್ನ ಮುಂದೆ ಒಬ್ಬ ಕಾಲೇಜು ಹುಡುಗ ಸರಕ್ಕನೆ 3ಕ್ಕೆ ಟಿಕ್ ಹಾಕಿ ಹೋದ. ನನಗೆ ಆಗ ನಲವತ್ತೆರಡು ವರ್ಷ, ಒಟ್ಟು ಅನುಭವ ಮೂರು ದಿನ. ನಾನೂ 3ಕ್ಕೆ ಟಿಕ್ ಹಾಕಿದೆ. ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ. 1 ಅಂತ ಬರೆಯುವುದು ಮಾರ್ಕ್ಸ್ ಕಾರ್ಡಿನಲ್ಲಿ ಜಸ್ಟ್ ಪಾಸ್ ತೋರಿಸಿದ ಹಾಗನ್ನಿಸಿತು, ಅಷ್ಟೆ.

ನನ್ನ ಹೆಂಡತಿ ತನ್ನ ಫಾರಂನಲ್ಲಿ ಟೈಪ್ 1 ಅಂತಲೇ ಬರೆದಳು, ಆದರೆ ತೂಕ ಮಾತ್ರ ಇಪ್ಪತ್ತು ಪೌಂಡು ಕಡಿಮೆ ಬರೆದಳು. (ಇದನ್ನು ಬರೆಯಲು ಒಪ್ಪಿಗೆ ಪಡೆದಿದ್ದೇನೆ.) ಪರಿಣಾಮ, ಅವಳ ಸ್ಕೀ ಸಣ್ಣ ಪುಟ್ಟದ್ದಕ್ಕೆಲ್ಲ ಟಕ್ ಟಕ್ ಅಂತ ಬಿಚ್ಚಿಕೊಳ್ಳುತ್ತಿತ್ತು. ಪ್ರತಿ ಸಲ ಅವಳು ಹಿಮ ಒರೆಸಿಕೊಂಡು ಮತ್ತೆ ಹಾಕಿಕೊಳ್ಳುವುದು, ನಾನು ನಗುವುದು. ನನ್ನದು ಒಂದು ಸಲವೂ ಬಿಚ್ಚಲಿಲ್ಲ. ನಾನು ಬೀಳುತ್ತಲೇ ಇಲ್ಲ ಅಂದುಕೊಂಡಿದ್ದೆ.

ಮಧ್ಯಾಹ್ನ ಮೂರೂವರೆ. ಮೋಡ ಕವಿದು ಬೆಳಕು ಮಂಕಾಗಿ ಹಿಮದ ಏರುತಗ್ಗು ಒಂದೂ ಕಾಣುತ್ತಿರಲಿಲ್ಲ. "ರೀ, ಸಾಕು, ಕಾಲು ಸೋತಿದೆ" ಅಂದಳು. "ಕೊನೇದು ಒಂದು ನೀಲಿ" ಅಂದೆ. ಸಿಯೆರಾದ ಹಿಮ ತೇವ ಜಾಸ್ತಿ, ಭಾರ. ಇಲ್ಲಿಯವರು ಸಿಯೆರಾ ಸಿಮೆಂಟ್ ಅಂತಲೇ ಕರೆಯುತ್ತಾರೆ. ಬಲಗಾಲಿನ ಸ್ಕೀಯ ಒಳ ಅಂಚು ಆ ಸಿಮೆಂಟಿನಲ್ಲಿ ಹೂತಿತು, ಸ್ಕೀ ಹೊರಗೆ ತಿರುಗಿತು, ನಾನು ಮುಂದಕ್ಕೆ ಹೋದೆ. ವೇಗವೇನೂ ಇರಲಿಲ್ಲ. ಜೋರಾಗಿ ಬಿದ್ದಿದ್ದರೆ ಬಿಚ್ಚಿಕೊಳ್ಳುತ್ತಿತ್ತೇನೋ, ನಿಧಾನಕ್ಕೆ ತಿರುಚಿಕೊಂಡು ಬಿದ್ದೆ. ಮಂಡಿಯೊಳಗೆ ಪಟ್ ಅಂತು. ಸ್ಕೀ ಕಾಲಲ್ಲೇ ಇತ್ತು.

ಮಗಳು ಮೇಲೆ ಬಂದು ತನ್ನ ಎರಡೂ ಸ್ಕೀಯನ್ನು ನನ್ನ ಮೇಲ್ಗಡೆ ಹಿಮದಲ್ಲಿ ಕತ್ತರಿ ಆಕಾರದಲ್ಲಿ ನೆಟ್ಟಳು. ಯಾರೋ ಬಿದ್ದಿದ್ದಾರೆ ಅಂತ ಬರುವವರಿಗೆ ತಿಳಿಸುವ ಗುರುತಂತೆ ಅದು. ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಒಂಬತ್ತು ವರ್ಷದ ಹುಡುಗಿ, ಅಳುತ್ತಾ ಅಳುತ್ತಾ ಅಷ್ಟು ಮಾಡಿದಳು.

ಸ್ಕೀ ಪ್ಯಾಟ್ರೋಲಿನವರು ಬಂದು ಕಾಲಿಗೆ ಪಟ್ಟಿ ಕಟ್ಟಿ, ಕಂಬಳಿ ಸುತ್ತಿ, ಟೊಬಾಗನ್ ಅನ್ನುವ ಜಾರುಬಂಡಿಯಲ್ಲಿ ನನ್ನನ್ನು ಮಲಗಿಸಿ ಬಿಗಿದರು. ಒಬ್ಬಳು ಮುಂದೆ ಹಿಡಿಕೆ ಹಿಡಿದು ಇಳಿದಳು. ಮುಖಕ್ಕೆ ಹಿಮದ ಪುಡಿ ಹಾರುತ್ತಿತ್ತು. ಆಗ ನೆನಪಾದದ್ದು ಅಡಿಕೆ ಹಾಳೆ. ತೀರ್ಥಹಳ್ಳಿ ಹತ್ತಿರದ ನಮ್ಮನೆ ಅಂಗಳದಲ್ಲಿ ಬಿದ್ದ ಹಾಳೆಯ ಮೇಲೆ ನನ್ನನ್ನು ಕೂರಿಸಿ, ಸೋಗೆ ಹಿಡಿದು ಅಪ್ಪ ತೋಟದ ತನಕ ಎಳೆಯುತ್ತಿದ್ದರು. ಗಟ್ಟಿ ಹಿಡ್ಕೋ, ಗಟ್ಟಿ ಹಿಡ್ಕೋ ಅಂತ. ಅಪ್ಪ ತೀರಿಕೊಂಡು ಆಗ ಹನ್ನೊಂದು ತಿಂಗಳಾಗಿತ್ತು. ಮಾರ್ಚಿನಲ್ಲಿ ಮೊದಲ ವರ್ಷದ ತಿಥಿ, ನನ್ನ ಟಿಕೆಟ್ ಬುಕ್ ಆಗಿತ್ತು.

ಡಾಕ್ಟರು ಎಂಆರ್‌ಐ ನೋಡಿ, ಮಂಡಿಯ ಒಳಬದಿಯ ಲಿಗಮೆಂಟ್ ಅರ್ಧ ಹರಿದಿದೆ, ಆಪರೇಷನ್ ಬೇಡ, ಆರು ವಾರ ಬ್ರೇಸ್ ಅಂದರು. ಅಷ್ಟು ದೂರದ ವಿಮಾನ ಈಗ ಬೇಡ ಅಂತಲೂ ಅಂದರು. ಅಮ್ಮನಿಗೆ ಮೆಟ್ಟಿಲಿಂದ ಜಾರಿಬಿದ್ದೆ ಅಂತ ಸುಳ್ಳು ಹೇಳಿದೆ. ತಿಥಿ ತಮ್ಮ ಮಾಡಿದ. ನಾನು ಇಲ್ಲಿ ರಾತ್ರಿ ಹನ್ನೊಂದಕ್ಕೆ ಕಾಲನ್ನು ಕುರ್ಚಿ ಮೇಲೆ ಚಾಚಿಕೊಂಡು ವಿಡಿಯೋದಲ್ಲಿ ನೋಡಿದೆ. ತಮ್ಮನ ಫೋನು ಯಾರೋ ಕಿಟಕಿಯಲ್ಲಿ ಇಟ್ಟಿದ್ದರು, ಪಿಂಡ ಇಡುವಾಗ ಅವನ ಬೆನ್ನು ಮಾತ್ರ ಕಾಣುತ್ತಿತ್ತು.

ಸುಳ್ಳು ಎರಡು ತಿಂಗಳು ಬಾಳಿತು. ಮಗಳು ಅಜ್ಜಿಗೆ ಫೋಟೋ ತೋರಿಸುವ ಉಮೇದಿನಲ್ಲಿ ಟೊಬಾಗನ್ ಫೋಟೋನೂ ತೋರಿಸಿಬಿಟ್ಟಳು. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎಂಥಕ್ಕೆ ಬೇಕಿತ್ತು ಮಾರಾಯ ನಿಂಗಿದೆಲ್ಲ? ಜಾರಕ್ಕೆ ದುಡ್ಡು ಬೇರೆ ಕೊಟ್ಟಿದೀಯ. ಮಳೆಗಾಲದಲ್ಲಿ ಇಲ್ಲಿ ಬಂದಿದ್ರೆ ಹಾವಸೆ ಮೇಲೆ ಪುಕ್ಕಟೆ ಜಾರ್ಬೋದಿತ್ತಲ್ಲ" ಅಂದರು. ಬೈದದ್ದು ಅಷ್ಟೇ. ತಿಥಿಯ ಮಾತು ಎತ್ತಲೇ ಇಲ್ಲ.

ಟೈಪ್ 1 ಅಂತ ಬರೆದಿದ್ದರೆ ಅವತ್ತು ಸ್ಕೀ ಬಿಚ್ಚಿಕೊಳ್ಳುತ್ತಿತ್ತಾ? ಯಾರೂ ಖಾತ್ರಿಯಾಗಿ ಹೇಳಲಾರರು, ಬೈಂಡಿಂಗ್ ಎಲ್ಲ ಮಂಡಿಗಳನ್ನೂ ಕಾಯುವುದಿಲ್ಲ. ಆದರೂ ಆ ಟಿಕ್ ಮಾರ್ಕು ನನಗೆ ಎಷ್ಟೋ ರಾತ್ರಿ ಕಣ್ಣ ಮುಂದೆ ಬಂದಿದೆ.

ಮತ್ತೆ ಹೋದದ್ದು 2025ರ ಜನವರಿಯಲ್ಲಿ. ಈ ಸಲ ಪ್ಲಾನು ಹೆಂಡತಿಯದು. ದೊಡ್ಡ ರೆಸಾರ್ಟಿನಲ್ಲಿ ಅವತ್ತಿನ ಟಿಕೆಟ್ ಅವತ್ತೇ ಕೊಂಡರೆ ಒಬ್ಬರಿಗೇ ಇನ್ನೂರು ಡಾಲರ್ ದಾಟುತ್ತೆ. ಅದರ ಬದಲು ಚಿಕ್ಕದೊಂದು ಗುಡ್ಡ ಹುಡುಕಿದಳು. ಕಲಿಯುವವರಿಗೆ ಅಂತ ಬಾಡಿಗೆ, ಕ್ಲಾಸು, ಕೆಳಗಿನ ಲಿಫ್ಟು ಎಲ್ಲ ಸೇರಿಸಿ ಒಂದೇ ಪ್ಯಾಕೇಜ್. ಬೋರಿಯಲ್, ಟಾಹೋ ಡಾನರ್ ಥರದವು ಹೊಸಬರಿಗೆ ಒಳ್ಳೇವು. ಶನಿವಾರ ಬೇಡ, ಮಂಗಳವಾರ ಅಂದಳು, ರಜ ಹಾಕಿದೆವು. ಕಾರಿನ ಚಕ್ರಕ್ಕೆ ಕಟ್ಟುವ ಚೈನನ್ನು ಮನೆ ಮುಂದೆ ಎರಡು ಸಲ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿಸಿದಳು. ಐ-80ರಲ್ಲಿ ಕತ್ತಲಲ್ಲಿ, ಹಿಮ ಸುರಿಯುವಾಗ, ಬೆರಳು ಮರಗಟ್ಟಿರುವಾಗ ಮೊದಲ ಸಲ ಚೈನ್ ಕವರ್ ಬಿಚ್ಚುವವರನ್ನು ನೀವು ನೋಡಬೇಕು.

ನಮ್ಮ ಟೀಚರ್ ಒಬ್ಬ ಅಜ್ಜಿ. ಎಪ್ಪತ್ತರ ಹತ್ತಿರ ಇರಬೇಕು. ನಾನು ನಾಲ್ಕು ಅಡಿ ಜಾರುವಷ್ಟರಲ್ಲಿ ನಿಲ್ಲಿಸಿ, "ನೀನು ಹಿಂದಕ್ಕೆ ವಾಲುತ್ತಿದ್ದೀಯ" ಅಂದಳು. ಇಳಿಜಾರು ಕಂಡರೆ ಯಾರಾದರೂ ಹಿಂದಕ್ಕೇ ವಾಲುತ್ತಾರೆ, ಅಂಗಳದಲ್ಲಿ ಜಾರುವಾಗಲೂ ಹಾಗೇ. ಸ್ಕೀಯಲ್ಲಿ ಹಿಂದಕ್ಕೆ ವಾಲಿದರೆ ಮುಂದಿನ ತುದಿ ಹಗುರಾಗಿ, ತಿರುಗಿಸಿದರೂ ತಿರುಗುವುದಿಲ್ಲ, ವೇಗ ಮಾತ್ರ ಏರುತ್ತೆ. ಮೊಣಕಾಲ ಕೆಳಗಿನ ಮುಂಗಾಲ ಮೂಳೆಯಿಂದ ಬೂಟಿನ ನಾಲಿಗೆಯನ್ನು ಒತ್ತುತ್ತಲೇ ಇರಬೇಕು, ಇಳಿಜಾರಿನ ಕಡೆಗೇ ಮೈ ಕೊಡಬೇಕು, ಕೈ ಎರಡೂ ಮುಂದೆ, ಯಾರಿಗೋ ತಟ್ಟೆಯಲ್ಲಿ ಕಾಫಿ ತಗೊಂಡು ಹೋಗೋ ಹಾಗೆ. ಮುಂದಿನ ತುದಿ ಹತ್ತಿರ, ಹಿಂದಿನದು ದೂರ ಇಟ್ಟರೆ ಪಿಜ್ಜಾ, ಅಂದರೆ ಬ್ರೇಕು. ಎರಡೂ ಸಮವಾಗಿದ್ದರೆ ಫ್ರೆಂಚ್ ಫ್ರೈ, ಓಟ. ಎಡಗಾಲು ಒತ್ತಿದರೆ ಬಲಕ್ಕೆ ತಿರುಗುತ್ತೆ. ಪಕ್ಕದಲ್ಲೇ ಐದು ವರ್ಷದ ಮಕ್ಕಳ ಕ್ಲಾಸು, ಅವರಿಗೂ ಇದೇ ಪಾಠ. ಎರಡು ಚಳಿಗಾಲ ನಾನು ಪೂರ್ತಿ ಹಿಂದಕ್ಕೆ ವಾಲಿಕೊಂಡೇ ಇಳಿದಿದ್ದೆ ಅಂತ ಗೊತ್ತಾಗಲು ಇಪ್ಪತ್ತು ನಿಮಿಷ ಸಾಕಾಯ್ತು.

ಹ್ಞಾ, ಫಾರಂ. ಅವತ್ತು ಬೆಳಿಗ್ಗೆ ಬಾಡಿಗೆ ಕೌಂಟರಿನಲ್ಲಿ 1ಕ್ಕೆ ಟಿಕ್ ಹಾಕಿದೆ. ಹೆಂಡತಿ ಬಗ್ಗಿ ನೋಡಿದಳು, ಏನೂ ಅನ್ನಲಿಲ್ಲ. ನಾನು ಅವಳ ಫಾರಂ ಕಡೆ ಬಗ್ಗಿದೆ. ತೂಕದ ಜಾಗವನ್ನು ಕೈಯಿಂದ ಮುಚ್ಚಿಕೊಂಡಳು.