ಎರಡು ಯಡಿಯೂರು, ಒಂದು ಲಾಡ್ಜು

ಯಡಿಯೂರು ಎಂದೊಡನೆ ನಾಡಿನ ಹೆಚ್ಚಿನವರಿಗೆ ನೆನಪಾಗುವುದು ಕುಣಿಗಲ್ ತಾಲ್ಲೂಕಿನ ಕ್ಷೇತ್ರ. ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆ ಇರುವುದು ಅಲ್ಲಿ. ಬೆಂಗಳೂರು-ಹಾಸನ ಹೆದ್ದಾರಿಯ ಮಗ್ಗುಲಲ್ಲೇ ಇರುವುದರಿಂದ ಕಂಡಕ್ಟರುಗಳ ಬಾಯಲ್ಲಿ ಆ ಹೆಸರು ದಿನವೂ ಓಡಾಡುತ್ತದೆ. ಬೆಂಗಳೂರಿನೊಳಗೇ ಇನ್ನೊಂದು ಯಡಿಯೂರು ಉಂಟೆಂಬುದು ಅದರ ಆಸುಪಾಸಿನವರಿಗಷ್ಟೇ ಗೊತ್ತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದ ಮೇಲೆ ಸುತ್ತಲಿನ ಹಳ್ಳಿಗಳು ಬಡಾವಣೆಗಳಲ್ಲಿ ಕರಗಿದವು. ಈ ಹಳ್ಳಿ ಮಾತ್ರ ತನ್ನ ಹೆಸರನ್ನೂ ಕೆರೆಯನ್ನೂ ಉಳಿಸಿಕೊಂಡು ಜಯನಗರ, ಬನಶಂಕರಿಗಳ ನಡುವೆ ಕೂತಿದೆ.

ಹಾಸನದ ಕಡೆಯ ವೃದ್ಧ ದಂಪತಿಗೆ ಈ ಎರಡು ಊರುಗಳ ಲೆಕ್ಕ ತಿಳಿದದ್ದು 2025ರ ಗಣೇಶನ ಹಬ್ಬದ ಮೂರನೆಯ ದಿನ. ಯಜಮಾನರಿಗೆ ಮರುದಿನ ಬೆಳಿಗ್ಗೆ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ತಪಾಸಣೆ. ಬೆಂಗಳೂರಿನಲ್ಲಿ ತಂಗಿಯ ಮಗನಿದ್ದಾನೆ. ಆದರೆ ಅವನದು ಒಂದೇ ಕೋಣೆಯ ಮನೆ, ಅದರಲ್ಲಿ ಹಸುಗೂಸು. ಹೀಗಾಗಿ ಅಗ್ಗದ ಲಾಡ್ಜೊಂದರಲ್ಲಿ ಕೋಣೆ ಹಿಡಿದು, 'ಯಡಿಯೂರಿಗೆ ಬಂದುಬಿಡಿ ಮಾವ' ಎಂದು ಫೋನಿನಲ್ಲಿ ಹೇಳಿದ. ಮಾವ ಬಸ್ಸು ಹತ್ತಿ ಯಡಿಯೂರಿಗೆ ಟಿಕೆಟ್ ಕೇಳಿದರು. ಕಂಡಕ್ಟರು ಕೊಟ್ಟರು. ಅದರಲ್ಲಿ ಯಾರ ತಪ್ಪೂ ಇಲ್ಲ. ಇಳಿದ ಮೇಲೆ ಸುತ್ತ ನೋಡಿದ ಹೆಂಡತಿ, 'ಏನೂಂದ್ರೆ, ಇದು ದೇವಸ್ಥಾನದ ಯಡಿಯೂರಲ್ವೇ?' ಎಂದಾಗ ಬಸ್ಸು ಆಗಲೇ ಕಣ್ಮರೆಯಾಗಿತ್ತು.

ಸಿಕ್ಕ ಮತ್ತೊಂದು ಬಸ್ಸಿನಲ್ಲಿ ನೆಲಮಂಗಲದವರೆಗೂ ನಿಂತೇ ಬಂದು, ಮೆಜೆಸ್ಟಿಕ್ಕಿನಲ್ಲಿ ಇಳಿದಾಗ ಕತ್ತಲಾಗಿತ್ತು. ಅಲ್ಲಿಂದ ಹಸಿರು ಮಾರ್ಗದ ಮೆಟ್ರೊದಲ್ಲಿ ಜಯನಗರ ನಿಲ್ದಾಣ. ಅಳಿಯ ಕಾದಿದ್ದು ಲಾಡ್ಜಿಗೆ ಬಿಟ್ಟು ಹೋದ.

ಆ ಕೋಣೆಯ ವರ್ಣನೆ ಹೆಚ್ಚು ಬೇಡ. ಎರಡು ಮಂಚ, ಕಟಕಟ ಎನ್ನುವ ಫ್ಯಾನು, ಚಿಲಕ ಕೂರದ ಕಿಟಕಿ. ಕಿಟಕಿಯಾಚೆ ರಸ್ತೆ, ಆ ರಸ್ತೆ ಹೋಗುವುದು ಕೆರೆಯ ಕಡೆಗೆ. ಯಡಿಯೂರು ಕೆರೆಯ ಪಕ್ಕದ ಕಲ್ಯಾಣಿ ದಕ್ಷಿಣ ಬೆಂಗಳೂರಿನ ಮುಖ್ಯ ಗಣೇಶ ವಿಸರ್ಜನಾ ತಾಣಗಳಲ್ಲೊಂದು. ಕೆರೆಯ ನೀರು ಕೆಡಬಾರದೆಂದು ಮಾಡಿದ ಒಳ್ಳೆಯ ಏರ್ಪಾಡು ಅದು. ಆದರೆ ಗಣಪತಿಗಳು ಅಲ್ಲಿಗೆ ಸದ್ದಿಲ್ಲದೆ ಬರುವುದಿಲ್ಲವಲ್ಲ! ಒಂದು ಮೆರವಣಿಗೆಯ ತಮಟೆ ದೂರವಾಗುವಷ್ಟರಲ್ಲಿ ಇನ್ನೊಂದರ ಡ್ರಮ್ಮು, ಅದರ ಬೆನ್ನಿಗೆ ಟ್ರಾಕ್ಟರಿನ ಮೇಲಿನ ಧ್ವನಿವರ್ಧಕ.

2000ದ ಶಬ್ದ ಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿಯೆಂದರೆ 10ರಿಂದ ಬೆಳಗಿನ 6. ಅಂತರ ಹತ್ತೇ ಎಂದು ಹಗುರಾಗಿ ಎಣಿಸಬಾರದು. ಡೆಸಿಬೆಲ್ ಲೆಕ್ಕದಲ್ಲಿ ಹತ್ತು ಏರಿದರೆ ಶಬ್ದದ ತೀವ್ರತೆ ಹತ್ತು ಪಟ್ಟು, ಇಪ್ಪತ್ತು ಏರಿದರೆ ನೂರು ಪಟ್ಟು. ಹಬ್ಬಗಳಿಗೆಂದು ವರ್ಷದಲ್ಲಿ ಹೆಚ್ಚೆಂದರೆ 15 ದಿನ ಧ್ವನಿವರ್ಧಕವನ್ನು ಮಧ್ಯರಾತ್ರಿ 12ರವರೆಗೆ ಸಡಿಲಿಸುವ ಅವಕಾಶ ಸರ್ಕಾರಕ್ಕಿದೆ. ಸಡಿಲಿಸುವವರಿಗೆ ಕಿಟಕಿಯೊಳಗೆ ಮಲಗಿದವರು ಕಾಣುವುದು ಕಷ್ಟ.

ಹೆಂಡತಿ ಕಿಟಕಿಯ ಸಂದಿಗೆ ಟವೆಲು ತುರುಕಿದರು. ಧ್ವನಿವರ್ಧಕದ ಚೀರಾಟ ತಗ್ಗಿತು, ಡ್ರಮ್ಮಿನ ಢಮಢಮ ತಗ್ಗಲಿಲ್ಲ. ಕೀಚಲು ಸ್ವರವನ್ನು ಬಟ್ಟೆ ಹೀರುತ್ತದೆ. ಕೆಳಸ್ಥಾಯಿಯ ಶಬ್ದ ಬಟ್ಟೆಯನ್ನಷ್ಟೇ ಅಲ್ಲ, ಗೋಡೆಯನ್ನೂ ದಾಟಿ ಮಂಚವನ್ನೇ ಅಲುಗಿಸುತ್ತದೆ. ಕೊನೆಗೆ ಆಕೆಯೇ ಕೆಳಗಿಳಿದು, 'ಇವರಿಗೆ ಎದೆನೋವಪ್ಪ, ಹಿಂದುಗಡೆ ಒಂದು ರೂಮು ಕೊಡು' ಎಂದು ಕೌಂಟರಿನ ಹುಡುಗನನ್ನು ಕೇಳಿದರು. ಹುಡುಗ ಒಳ್ಳೆಯವನು. ಹಾಸಿಗೆ ವಸ್ತ್ರ ಬದಲಿಸದ ಹಿಂಬದಿಯ ಕೋಣೆಯೊಂದನ್ನು ತೆಗೆದು, ಮನೆಯಿಂದ ತಂದಿದ್ದ ಜಮಖಾನವನ್ನು ತಾನೇ ಹಾಸಿಕೊಟ್ಟ. ಇಡೀ ಕಟ್ಟಡವೇ ಅಡ್ಡಗೋಡೆಯಾಗಿ ನಿಂತದ್ದರಿಂದ ಮೆರವಣಿಗೆ ದೂರ ಸರಿಯಿತು. ಒಂದು ಗಂಟೆಯ ಹೊತ್ತಿಗೆ ಇಬ್ಬರಿಗೂ ಕಣ್ಣು ಹತ್ತಿತು.

ನಾಲ್ಕಕ್ಕೆ ನೀರಿನ ಪಂಪು ಶುರುವಾಯಿತು. ಸಿಂಟೆಕ್ಸ್ ತೊಟ್ಟಿಯ ಕೊಳವೆ ಇಳಿದದ್ದು ಆ ಹಿಂಬದಿಯ ಗೋಡೆಯಲ್ಲೇ! ಐದಕ್ಕೆ ಕೆಳಗಿನ ದರ್ಶಿನಿಯಲ್ಲಿ ಗ್ರೈಂಡರು, ಸ್ಟೀಲು ತಟ್ಟೆಗಳ ಗದ್ದಲ, ಜೊತೆಗೆ ಕಾಫಿಯ ಘಮ. ನಿಂತು ತಿನ್ನುವ ಈ ದರ್ಶಿನಿಗಳ ತವರು ದಕ್ಷಿಣ ಬೆಂಗಳೂರೇ. ರಕ್ತಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿರಬೇಕಾದ ಯಜಮಾನರು ನೀರು ಕುಡಿದು ಗೋಡೆಯ ಕಡೆ ತಿರುಗಿ ಮಲಗಿದರು.

ಬೆಳಿಗ್ಗೆ ಮತ್ತೊಂದು ತಕರಾರು. ರಾತ್ರಿ ಒಂಬತ್ತಕ್ಕೆ ಬಂದವರು ಮರುರಾತ್ರಿ ಒಂಬತ್ತರವರೆಗೆ ಕೋಣೆ ತಮ್ಮದೆಂದು ನಂಬಿದ್ದರು. ಇಲ್ಲಿ ಹಾಗಲ್ಲ, ಹನ್ನೆರಡು ಗಂಟೆಗೆ ಖಾಲಿ ಮಾಡಬೇಕು, ಮೀರಿದರೆ ಇನ್ನೊಂದು ದಿನದ ಬಾಡಿಗೆ. ಇಪ್ಪತ್ನಾಲ್ಕು ಗಂಟೆಯ ಲಾಡ್ಜೋ, ಮಧ್ಯಾಹ್ನದ ಲಾಡ್ಜೋ ಎಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಬೇಕು. ಆಸ್ಪತ್ರೆಗೆ ಬರುವವರಂತೂ ಕೇಳಲೇಬೇಕು. ಅಲ್ಲಿ ಸರದಿ ಯಾವಾಗ ಬರುವುದೋ ಹೇಳಲಾಗದು. ರಾತ್ರಿಯ ಹುಡುಗನೇ ಅವರ ಚೀಲಗಳನ್ನು ಕೌಂಟರಿನ ಹಿಂದೆ ಇಟ್ಟುಕೊಂಡ.

ಜಯನಗರದಿಂದ ಮುಂದಿನ ನಿಲ್ದಾಣ ಆರ್.ವಿ. ರಸ್ತೆ. ಅಲ್ಲಿ ಹಳದಿ ಮಾರ್ಗಕ್ಕೆ ಬದಲಿಸಿದರೆ ರಾಗಿಗುಡ್ಡ, ಅದರಾಚೆಗೆ ಜಯದೇವ. ಆ ಮಾರ್ಗ ಶುರುವಾಗಿ ತಿಂಗಳೂ ತುಂಬಿರಲಿಲ್ಲ. ತಣ್ಣನೆಯ ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿದ್ದೇ ತಡ, ಯಜಮಾನರು ತೂಕಡಿಸತೊಡಗಿದರು.

ಮೊದಲ ಸಲ ಅಳೆದಾಗ ರಕ್ತದೊತ್ತಡ ಬಹಳ ಹೆಚ್ಚು ತೋರಿಸಿತು. 'ರಾತ್ರಿ ನಿದ್ದೆ ಬಂತಾ?' ಎಂದು ಸಿಸ್ಟರ್ ಕೇಳಿದರು. ಯಜಮಾನರು ಉತ್ತರಿಸುವ ಮೊದಲೇ ಹೆಂಡತಿ ಕುಣಿಗಲ್ಲಿನಿಂದ ಹಿಡಿದು ಗ್ರೈಂಡರಿನವರೆಗೆ ಎಲ್ಲವನ್ನೂ ಹೇಳಿ ಮುಗಿಸಿದರು. ಸಿಸ್ಟರ್ ಚೀಟಿಯಲ್ಲಿ ಏನನ್ನೂ ಬರೆಯದೆ, 'ಅರ್ಧ ಗಂಟೆ ಆ ಬೆಂಚಿನ ಮೇಲೆ ಸುಮ್ಮನೆ ಕೂತಿರಿ, ಆಮೇಲೆ ಇನ್ನೊಂದು ಸಲ ನೋಡೋಣ' ಎಂದರು.